ಬಸುರಿಯ ಅಂಗಾಲನ್ನು ನೋಡುವವರು ಯಾರು?

ಅಂಗಾಲಿನಲ್ಲಿ ಮಚ್ಚೆ ಇದ್ದವರ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಅವರಿಗೆ ಪರವೂರಿನ ಅನ್ನದ ಋಣ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಊರು ಬಿಟ್ಟು ಮುಂಬೈಯಲ್ಲಿ ನೆಲೆಸಿದ ನಮ್ಮಂಥವರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ಆದರೂ ಒಮ್ಮೆ ಕಾಲು ಮಡಿಸಿ ಅಂಗಾಲು ನೋಡಿಕೊಂಡರೆ ನಷ್ಟವೇನಿಲ್ಲ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಭಾರತೀಯರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲಿಯೇ: ಅಂಗಾಲು, ಅಂಗೈ, ಉಗುರಿನ ಅಡಿ. ಬಿಸಿಲು ಬೀಳದ ಜಾಗಗಳು.

ನಾನು ಬಾಂದ್ರಾದಲ್ಲಿ ಪೆಥಾಲಜಿಸ್ಟ್. ರೋಗಿಯ ಮುಖ ನಮಗೆ ಕಾಣುವುದು ಕಡಿಮೆ. ಮೈಯಿಂದ ತೆಗೆದ ಚೂರು ಬರುತ್ತದೆ, ಜೊತೆಗೊಂದು ಚೀಟಿ. ವಯಸ್ಸು, ಯಾವ ಜಾಗದ್ದು, ವೈದ್ಯರ ಅನುಮಾನವೇನು ಎಂದು ನಾಲ್ಕು ಸಾಲು. ಕೆಲವು ವರ್ಷಗಳ ಹಿಂದೆ ಬಂದ ಒಂದು ಚೀಟಿಯಲ್ಲಿ ಹೀಗಿತ್ತು: ಹೆಣ್ಣು, 31, ಎಡ ಅಂಗಾಲು, ಗರ್ಭಿಣಿ, 22 ವಾರ. ಉತ್ತರ ಕರ್ನಾಟಕದ ಹೆಣ್ಣುಮಗಳು, ಕುರ್ಲಾ ಕಾಂಪ್ಲೆಕ್ಸಿನ ಒಂದು ಕಚೇರಿಯಲ್ಲಿ ಉದ್ಯೋಗ. ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತೇನೆಂದು ಹೇಳಿ ಆಕೆಯ ಒಪ್ಪಿಗೆ ಪಡೆದಿದ್ದೇನೆ. ಇಂಥ ಪ್ರಕರಣ ನಮ್ಮಲ್ಲಿ ತೀರಾ ಅಪರೂಪ, ಹಾಗಾಗಿ ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಆ ಚೂರು ನನ್ನ ಮೇಜಿಗೆ ಬರಲು ಐದು ತಿಂಗಳು ಹಿಡಿದದ್ದು ಅಪರೂಪದ ಸಂಗತಿಯಲ್ಲ.

ಮೊದಲು ಕಾಯಿಲೆಯ ವಿಷಯ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳು ಹದ್ದು ಮೀರಿ ಬೆಳೆದರೆ ಅದು ಮೆಲನೋಮಾ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಲಕ್ಷದಲ್ಲಿ 30ಕ್ಕೂ ಹೆಚ್ಚು ಜನರಿಗೆ ಬರುತ್ತದೆ; ನಮ್ಮ ದೇಶದಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಬಿಳಿ ಚರ್ಮದವರಲ್ಲಿ ಬಿಸಿಲು ದೊಡ್ಡ ಕಾರಣ. ನಮ್ಮ ಮೈಬಣ್ಣ ಆ ಬಿಸಿಲಿನಿಂದ ನಮ್ಮನ್ನು ಕಾಯುತ್ತದೆ. ಆದರೆ ಅಂಗಾಲಿನ ಮೆಲನೋಮಾಗೂ ಬಿಸಿಲಿಗೂ ಸಂಬಂಧವಿಲ್ಲ, ಅದಕ್ಕೆ ಕರಿಯರು ಬಿಳಿಯರು ಎಂಬ ಭೇದವೂ ಇಲ್ಲ. ಗಾಯಕ ಬಾಬ್ ಮಾರ್ಲಿಗೆ ಬಂದದ್ದು ಇದೇ. ಕಾಲಿನ ಹೆಬ್ಬೆರಳಿನ ಉಗುರಿನಡಿಯ ಕಲೆಯನ್ನು ಫುಟ್‌ಬಾಲ್ ಆಡುವಾಗ ಆದ ಪೆಟ್ಟೆಂದು ತಿಳಿದಿದ್ದರು. ಕ್ಯಾನ್ಸರ್ ಎಂದು ಗೊತ್ತಾದದ್ದು 1977ರಲ್ಲಿ. 1981ರ ಮೇ 11ರಂದು ತೀರಿಕೊಂಡಾಗ ಅವರಿಗೆ 36 ವರ್ಷ. 'ನಾವು ಕಪ್ಪಗಿದ್ದೇವೆ, ನಮಗೆಲ್ಲಿಯ ಚರ್ಮದ ಕ್ಯಾನ್ಸರ್' ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಈಗ ಬಸಿರಿನ ವಿಷಯ. ಬಸುರಿಯ ಮೈ ಕಪ್ಪಾಗುತ್ತದೆ, ನಿಜ. ಕೆನ್ನೆಯ ಮೇಲೆ ಬಂಗು ಬರುತ್ತದೆ. ಹೊಕ್ಕುಳಿನಿಂದ ಕೆಳಗೆ ಕಪ್ಪು ಗೆರೆ ಮೂಡುತ್ತದೆ. ಕತ್ತು, ಕಂಕುಳು, ಮೊಲೆತೊಟ್ಟಿನ ಸುತ್ತ ಬಣ್ಣ ಗಾಢವಾಗುತ್ತದೆ. ಹಾರ್ಮೋನುಗಳ ಕೆಲಸ ಅದು. ಹೆರಿಗೆಯಾದ ಮೇಲೆ ಬಹುಪಾಲು ತಿಳಿಯಾಗುತ್ತದೆ. ಹೊಟ್ಟೆ, ಎದೆಯ ಚರ್ಮ ಹಿಗ್ಗುವುದರಿಂದ ಅಲ್ಲಿನ ಮಚ್ಚೆಗಳೂ ಸ್ವಲ್ಪ ದೊಡ್ಡದಾಗಿ ಕಾಣುತ್ತವೆ. ಇಷ್ಟನ್ನು ನೋಡಿ, ಬಸಿರಿನಲ್ಲಿ ಎಲ್ಲ ಮಚ್ಚೆಗಳೂ ಬದಲಾಗುತ್ತವೆ ಎಂಬ ತೀರ್ಮಾನಕ್ಕೆ ನಾವು ಬಂದುಬಿಟ್ಟಿದ್ದೇವೆ. ಅದು ತಪ್ಪು. ಹಿಗ್ಗದ ಜಾಗದ ಮಚ್ಚೆ, ಅಂದರೆ ಬೆನ್ನಿನದೋ ಕಾಲಿನದೋ, ಬಸಿರಿನ ಕಾರಣಕ್ಕೆ ಆಕಾರ ಕೆಡಿಸಿಕೊಳ್ಳುವುದಿಲ್ಲ. ಅಂಚು ಹರಿದಂತಾದರೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ ಬಂದರೆ, ಉಬ್ಬಿದರೆ, ರಕ್ತ ಒಸರಿದರೆ, ಬಸುರಿಯಲ್ಲದ ಹೆಂಗಸಿಗೆ ಮಾಡುವ ಪರೀಕ್ಷೆಯನ್ನೇ ಬಸುರಿಗೂ ಮಾಡಬೇಕು. 'ಬಸುರಿಯಲ್ಲಿ ಹೀಗೇ' ಎಂಬ ಸಮಾಧಾನದ ಮಾತು ಅತ್ತೆಯ ಬಾಯಲ್ಲಿ ಬಂದರೆ ಸಹಿಸಬಹುದು. ವೈದ್ಯರ ಬಾಯಲ್ಲಿ ಬಂದರೆ ಸಹಿಸಬಾರದು ಎಂಬುದು ನನ್ನ ಅಭಿಪ್ರಾಯ.

ಆ ಹೆಣ್ಣುಮಗಳಿಗೆ ಹಿಮ್ಮಡಿಯ ಹತ್ತಿರ ಒಂದು ಕಪ್ಪು ಕಲೆ ಬಸಿರಿನ ಮೊದಲೇ ಕಂಡಿತ್ತು. ಆಣಿ ಇರಬೇಕೆಂದು ಔಷಧ ಅಂಗಡಿಯ ಆಣಿಪಟ್ಟಿ ಅಂಟಿಸಿದರು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಮೇಲಿನ ಚರ್ಮವನ್ನು ಸುಲಿದು ಹಾಕಿತು. ಕಲೆ ತೆಳುವಾದಂತೆ ಕಂಡು ಮತ್ತೆ ಹರಡಿತು. ಬಸಿರು ನಿಂತ ಮೇಲೆ ತಪಾಸಣೆಗೆ ಹೋದಾಗ ಎರಡು ಸಲ ಕಾಲು ತೋರಿಸಿದ್ದರಂತೆ. ಹೆರಿಗೆಯಾಗಲಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು. ಕಾಲು ಮುಟ್ಟಿ ನೋಡಿದವರಿಲ್ಲ. ಹೊಟ್ಟೆ ನೋಡಿದರು, ರಕ್ತದೊತ್ತಡ ನೋಡಿದರು, ಸಕ್ಕರೆ ನೋಡಿದರು, ಕಾಲಿನ ಬಾವನ್ನು ಮೊಣಕಾಲ ಕೆಳಗೆ ಒತ್ತಿಯೂ ನೋಡಿದರು. ಬೆರಳು ಅಂಗಾಲಿನ ತನಕ ಹೋಗಲಿಲ್ಲ.

ಇಲ್ಲೊಂದು ಸಣ್ಣ ಸತ್ಯವಿದೆ. ಐದು ತಿಂಗಳು ತುಂಬಿದ ಮೇಲೆ ಹೆಂಗಸಿಗೆ ತನ್ನ ಅಂಗಾಲು ತನಗೇ ಕಾಣುವುದಿಲ್ಲ. ಬಗ್ಗಲು ಹೊಟ್ಟೆ ಬಿಡುವುದಿಲ್ಲ. ಗಂಡ ನೋಡುವುದಿಲ್ಲ, ವೈದ್ಯರು ಚಪ್ಪಲಿ ತೆಗೆಸುವುದಿಲ್ಲ. ಬಾಂದ್ರಾದ ಲಿಂಕಿಂಗ್ ರೋಡಿನಲ್ಲಿ ಸಾಲುಸಾಲು ಚಪ್ಪಲಿ ಅಂಗಡಿಗಳಿವೆ. ಬಾತ ಕಾಲಿಗೆ ಒಂದು ಸೈಜ್ ದೊಡ್ಡ ಚಪ್ಪಲಿ ಕೊಳ್ಳಲು ಬಸುರಿಯರು ಅಲ್ಲಿಗೆ ಹೋಗುತ್ತಾರೆ. ಆ ಒಂಬತ್ತು ತಿಂಗಳಲ್ಲಿ ಅವರ ಪಾದವನ್ನು ಕೈಯಲ್ಲಿ ಹಿಡಿದು ನೋಡುವ ಒಬ್ಬನೇ ಮನುಷ್ಯ ಬಹುಶಃ ಆ ಅಂಗಡಿಯ ಹುಡುಗ.

ಕೊನೆಗೆ ಒಬ್ಬ ಚರ್ಮವೈದ್ಯೆ ಡರ್ಮಾಸ್ಕೋಪ್ ಇಟ್ಟು ನೋಡಿದರು. ದೀಪವಿರುವ ಒಂದು ಭೂತಗನ್ನಡಿ ಅಷ್ಟೆ. ಅಂಗಾಲಿನಲ್ಲೂ ಬೆರಳಚ್ಚಿನಂಥ ಗೆರೆಗಳಿರುತ್ತವೆ, ಏರು ಮತ್ತು ತಗ್ಗು. ಸಾಧು ಮಚ್ಚೆಯಾದರೆ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ ಕೂತಿರುತ್ತದೆ, ಉತ್ತ ಹೊಲದ ಸಾಲಿನಲ್ಲಿ ನೀರು ನಿಂತ ಹಾಗೆ. ಮೆಲನೋಮಾ ಆದರೆ ಬಣ್ಣ ಏರಿನ ಮೇಲೆ ಹತ್ತಿರುತ್ತದೆ. ಜಪಾನಿನ ಚರ್ಮವೈದ್ಯರು ಗುರುತಿಸಿದ ಲಕ್ಷಣ ಇದು. ಅವರಲ್ಲೂ ನಮ್ಮಂತೆ ಅಂಗಾಲಿನ ಮೆಲನೋಮಾವೇ ಹೆಚ್ಚು. ಕಾಲಿನ ಆ ಜಾಗಕ್ಕಷ್ಟೇ ಅರಿವಳಿಕೆ ಚುಚ್ಚಿ, ಒಂದು ಚೂರು ತೆಗೆದು ಕಳಿಸಿದರು. ಹದಿನೈದು ನಿಮಿಷದ ಕೆಲಸ. ಲಿಡೋಕೇನ್ ಎಂಬ ಆ ಅರಿವಳಿಕೆಯನ್ನು ಗರ್ಭಿಣಿಯರ ಹಲ್ಲು ಕೀಳುವಾಗಲೂ ಕೊಡುತ್ತಾರೆ. ಬಯಾಪ್ಸಿಗೆ ಹೆರಿಗೆಯ ತನಕ ಕಾಯಬೇಕು ಎನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಗಡ್ಡೆ ಚರ್ಮದೊಳಕ್ಕೆ ಎಷ್ಟು ಇಳಿದಿದೆ ಎಂದು ಅಳೆಯುವುದು ನಮ್ಮ ಕೆಲಸ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ ತೋರಿಸಿಕೊಟ್ಟ ಅಳತೆ ಅದು. ಮಿಲಿಮೀಟರಿನ ಲೆಕ್ಕ. ಒಂದು ಮಿಲಿಮೀಟರಿನ ಒಳಗಿದ್ದರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ನಾಲ್ಕು ದಾಟಿದರೆ ಮಾತು ಕಷ್ಟ. ಆಕೆಯದು 1.3 ಬಂತು. ಐದು ತಿಂಗಳ ಹಿಂದೆ ಎಷ್ಟಿತ್ತು ಎಂದು ಹೇಳಲು ಯಾರಿಂದಲೂ ಆಗದು. ಆದರೆ ಆಣಿಪಟ್ಟಿಯ ಬದಲು ಅಂದೇ ಯಾರಾದರೂ ಭೂತಗನ್ನಡಿ ಇಟ್ಟಿದ್ದರೆ ಎಂಬ ಯೋಚನೆ ಆ ವರದಿಗೆ ಸಹಿ ಹಾಕುವಾಗ ಬಾರದೆ ಇರಲಿಲ್ಲ.

ವರದಿ ಕೈಗೆ ಸಿಕ್ಕ ದಿನ ಮನೆಯವರು ಕೇಳಿದ ಮೊದಲ ಪ್ರಶ್ನೆ ಮಗುವನ್ನು ತೆಗೆಸಬೇಕೇ ಎಂದು. ಪ್ರಶ್ನೆ ಸಹಜ. ಒಂದು ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. 1951ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಬೆರಳೆಣಿಕೆಯ ಗರ್ಭಿಣಿಯರ ಅನುಭವದ ಮೇಲೆ, ಬಸಿರು ಮೆಲನೋಮಾವನ್ನು ಉರಿಸುತ್ತದೆ ಎಂದು ಬರೆದರು. ಆ ಭಯ ದಶಕಗಳ ಕಾಲ ಉಳಿಯಿತು. ಗರ್ಭ ತೆಗೆಸಿ, ಇನ್ನು ಮಕ್ಕಳೇ ಬೇಡ ಎಂದು ಹೇಳಿಸಿಕೊಂಡ ಹೆಂಗಸರೆಷ್ಟೋ. ಸರಿಯಾದ ಲೆಕ್ಕ ಸಿಕ್ಕಿದ್ದು ಬಹಳ ತಡವಾಗಿ. 2004ರಲ್ಲಿ ಸ್ವೀಡನ್ನಿನ ಮತ್ತು 2005ರಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ನೋಂದಣಿಗಳನ್ನು ತೆಗೆದು ನೋಡಿದಾಗ, ಅಷ್ಟೇ ಆಳದ ಗಡ್ಡೆಯಿದ್ದ ಗರ್ಭಿಣಿಯರೂ ಗರ್ಭಿಣಿಯರಲ್ಲದವರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬದುಕಿದ್ದು ಕಂಡಿತು. ನಂತರದ ಕೆಲವು ಅಧ್ಯಯನಗಳು ಸಣ್ಣ ವ್ಯತ್ಯಾಸ ಇದೆ ಎಂದಿವೆ, ಚರ್ಚೆ ಮುಗಿದಿಲ್ಲ. ಆದರೆ ಗರ್ಭ ತೆಗೆಸಿದರೆ ತಾಯಿಯ ಕ್ಯಾನ್ಸರ್ ಗುಣವಾಗುತ್ತದೆ ಎಂದು ಯಾವ ಅಧ್ಯಯನವೂ ತೋರಿಸಿಲ್ಲ. ಕಾಯಿಲೆ ಹರಡಿಬಿಟ್ಟು, ಮಗುವಿಗೆ ಅಪಾಯಕಾರಿಯಾದ ಔಷಧವನ್ನು ತಕ್ಷಣ ಶುರು ಮಾಡಬೇಕಾದಾಗ ಮಾತ್ರ ಆ ಪ್ರಶ್ನೆ ನಿಜಕ್ಕೂ ಎದುರಾಗುತ್ತದೆ.

ಇಲ್ಲಿ ಕಾನೂನನ್ನೂ ತಿಳಿದಿರಬೇಕು. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಗದಿಯಾದ ಕೆಲವು ಸಂದರ್ಭಗಳಲ್ಲಿ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ. ಅದರಾಚೆಗೆ ಭ್ರೂಣದಲ್ಲಿ ತೀವ್ರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರದ ಮಿತಿ ಇಲ್ಲ. ವಯಸ್ಕ ಹೆಂಗಸಿನ ವಿಷಯದಲ್ಲಿ ಕಾಯ್ದೆ ಕೇಳುವುದು ಅವಳೊಬ್ಬಳ ಒಪ್ಪಿಗೆಯನ್ನು, ಗಂಡನ ಸಹಿಯನ್ನಲ್ಲ. 22 ವಾರದವಳ ವರದಿ ಎರಡು ವಾರ ತಡವಾದರೆ ಅವಳ ಮುಂದಿನ ಒಂದು ದಾರಿಯೇ ಮುಚ್ಚಿಹೋಗಬಹುದು. ಆ ದಾರಿಯಲ್ಲಿ ಹೋಗುವುದು ಬಿಡುವುದು ಅವಳಿಗೆ ಬಿಟ್ಟದ್ದು. ಆಕೆ ಮಗು ಬೇಕೆಂದರು, ಎರಡನೇ ಮಾತಿರಲಿಲ್ಲ.

ಚಿಕಿತ್ಸೆಯ ಬಹುಭಾಗ ಬಸಿರಿನಲ್ಲೇ ಮುಗಿಯಿತು. ಕಲೆಯ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಗಡ್ಡೆ ಕತ್ತರಿಸಿ, ತೊಡೆಯ ಚರ್ಮ ತಂದು ಹಿಮ್ಮಡಿಗೆ ಹಾಕಿದರು. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಂತೆ ಮೇಜಿನ ಮೇಲೆ ಎಡಕ್ಕೆ ಒರಗಿಸಿ ಮಲಗಿಸಿದ್ದರು. ತೊಡೆಸಂದಿನ ಮೊದಲ ಗ್ರಂಥಿಗೆ ಕಾಯಿಲೆ ಇಳಿದಿದೆಯೇ ಎಂದು ನೋಡಲು ಸಾಮಾನ್ಯವಾಗಿ ನೀಲಿ ಬಣ್ಣ ಮತ್ತು ಚೂರು ವಿಕಿರಣದ ದ್ರವ, ಎರಡನ್ನೂ ಬಳಸುತ್ತಾರೆ. ಬಸುರಿಗೆ ನೀಲಿ ಬಣ್ಣ ಬೇಡ. ವಿಕಿರಣ ಮಗುವಿಗೆ ತಲುಪುವುದು ಅತ್ಯಲ್ಪ. ಈಕೆಗೆ ಅದೊಂದರಿಂದಲೇ ಗ್ರಂಥಿ ಹುಡುಕಿದರು, ಅದರಲ್ಲಿ ಕಾಯಿಲೆ ಇರಲಿಲ್ಲ. ಸಿಟಿ, ಪೆಟ್ ಸ್ಕ್ಯಾನುಗಳ ಬದಲು ಅಲ್ಟ್ರಾಸೌಂಡಿನಲ್ಲಿ ಕೆಲಸ ಸಾಗಿತು. ಕಾಯಿಲೆ ಹರಡಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತಿತ್ತು. ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ತಂದುಕೊಟ್ಟ ರೋಗನಿರೋಧಕ ಚಿಕಿತ್ಸೆ ಮೆಲನೋಮಾದ ಚಿತ್ರವನ್ನೇ ಬದಲಿಸಿದೆ. ಆದರೆ ಆ ಔಷಧ ಯಾವ ತಡೆಯನ್ನು ಬಿಚ್ಚುತ್ತದೆಯೋ, ತಾಯಿಯ ಮೈ ತನ್ನೊಳಗಿನ ಮಗುವನ್ನು ಹೊರಗಿನದೆಂದು ತಳ್ಳದಿರಲು ಅದೇ ತಡೆ ನೆರವಾಗುತ್ತದೆ. ಹಾಗಾಗಿ ಬಸಿರಿನಲ್ಲಿ ಆದಷ್ಟೂ ಅದನ್ನು ಕೊಡುವುದಿಲ್ಲ.

ಈ ಅಂಕಣ ಓದುವ ನಮ್ಮವರಿಗಾಗಿ ಬರೆಯಬೇಕೆನಿಸಿದ ಮುಖ್ಯ ವಿಷಯ ಇನ್ನು ಮುಂದಿನದು. ನಮ್ಮ ಹೆಣ್ಣುಮಕ್ಕಳು ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಹೋಗುತ್ತಾರೆ. ದಾದರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದು ತವರಿನ ಕಡೆಯಲ್ಲಿ. ತವರು ಬೇಡ ಎಂದು ನಾನು ಹೇಳಲಾರೆ. ಆ ಮೂರು ತಿಂಗಳ ಆರೈಕೆಗೆ ಮುಂಬೈಯ ಯಾವ ಆಸ್ಪತ್ರೆಯೂ ಸಮನಲ್ಲ. ಆದರೆ ಬಸುರಿಯ ಆರೈಕೆ ಸರಿಯಾಗಿ ಅರ್ಧಕ್ಕೆ ತುಂಡಾಗುವುದೂ ಅಲ್ಲೇ. ಮೊದಲ ಆರು ತಿಂಗಳು ಒಬ್ಬ ವೈದ್ಯರು ಒಂದು ರಾಜ್ಯದಲ್ಲಿ, ಕೊನೆಯ ಮೂರು ತಿಂಗಳು ಇನ್ನೊಬ್ಬರು ಇನ್ನೊಂದು ರಾಜ್ಯದಲ್ಲಿ. ಇಲ್ಲಿನ ಫೈಲು ಇಲ್ಲಿ, ಅಲ್ಲಿನ ತಾಯಿ ಕಾರ್ಡ್ ಅಲ್ಲಿ. 'ಮುಂದಿನ ಸಲ ಬಂದಾಗ ನೋಡೋಣ' ಎಂದು ಇಲ್ಲಿ ಹೇಳಿದ್ದು, 'ಮುಂಬೈಯಲ್ಲಿ ನೋಡಿರುತ್ತಾರೆ ಬಿಡಿ' ಎಂದು ಅಲ್ಲಿ ಆಗುತ್ತದೆ. ಅಂಗಾಲಿನ ಕಲೆ ಅಷ್ಟೇ ಅಲ್ಲ, ಥೈರಾಯ್ಡ್ ಗಂಟು, ಎದೆಯ ಗಡ್ಡೆ, ಸಂಶಯದ ಪ್ಯಾಪ್ ಪರೀಕ್ಷೆ ಕೂಡ ಈ ಎರಡು ಊರುಗಳ ನಡುವೆ ಜಾರಿಹೋಗುವುದನ್ನು ಕಂಡಿದ್ದೇನೆ. ಮನೆಯಲ್ಲಿ ಕೂಡ ಈ ವಿಷಯ ಮುಚ್ಚಿಡುವ ರೂಢಿ ಇದೆ. ಸೀಮಂತದ ಹೊತ್ತಿಗೆ ಕ್ಯಾನ್ಸರ್ ಎಂಬ ಶಬ್ದ ಯಾಕೆ, ತವರಿನವರಿಗೆ ಕಾಲಿಗೆ ಏನೋ ಸಣ್ಣ ಆಪರೇಷನ್ ಆಯಿತು ಎಂದರೆ ಸಾಕು ಎಂದುಕೊಳ್ಳುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ತವರಿನವರಿಗೆ ಹೇಳದಿದ್ದರೆ ತವರಿನ ವೈದ್ಯರಿಗೂ ಹೇಳಿದಂತಾಗುವುದಿಲ್ಲ.

ಹೇಳಲೇಬೇಕಾದ ಒಂದು ಕಾರಣ ಮಾಸು. ತಾಯಿಯ ಕ್ಯಾನ್ಸರ್ ಮಾಸಿಗೂ ಅಲ್ಲಿಂದ ಮಗುವಿಗೂ ದಾಟುವುದು ಅತ್ಯಂತ ವಿರಳ. ಹಾಗೆ ದಾಟಿದ ಪ್ರಕರಣಗಳ ಪಟ್ಟಿಯಲ್ಲಿ ಮೆಲನೋಮಾವೇ ಮುಂದಿದೆ, ಅದೂ ಬಹುತೇಕ ಕಾಯಿಲೆ ಹರಡಿದವರಲ್ಲಿ. ಆದ್ದರಿಂದ ಮೆಲನೋಮಾ ಇದ್ದ ತಾಯಿಗೆ ಹೆರಿಗೆಯಾದಾಗ ಮಾಸನ್ನು ಎಸೆಯದೆ, ಹೂಳದೆ, ಫಾರ್ಮಲಿನ್‌ನಲ್ಲಿ ಹಾಕಿ ಪೆಥಾಲಜಿಗೆ ಕಳಿಸಬೇಕು. ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ನಡುರಾತ್ರಿ ಹೆರಿಗೆಯಾದರೆ ಇದು ಯಾರಿಗೆ ಹೊಳೆಯುತ್ತದೆ? ಮುಂಬೈಯ ಫೈಲು ಅಲ್ಲಿರಬೇಕು, ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿರಬೇಕು. ಈಕೆಯ ವಿಷಯದಲ್ಲಿ ಚರ್ಮವೈದ್ಯೆ ಹುಬ್ಬಳ್ಳಿಯ ಹೆರಿಗೆ ವೈದ್ಯರಿಗೆ ತಾವೇ ಫೋನ್ ಮಾಡಿ ಹೇಳಿದ್ದರಿಂದ ಮಾಸು ಪರೀಕ್ಷೆಗೆ ಹೋಯಿತು. ಅದರಲ್ಲಿ ಏನೂ ಇರಲಿಲ್ಲ, ಮಗುವೂ ಚೆನ್ನಾಗಿದೆ. ಆದರೆ ಒಬ್ಬ ವೈದ್ಯೆಯ ಒಳ್ಳೆಯತನವನ್ನು ನಾವು ವ್ಯವಸ್ಥೆ ಎಂದು ಕರೆಯಲಾಗದು.

ಬಾಂದ್ರಾದ ಬಗ್ಗೆಯೂ ಒಂದು ಮಾತು. ಚರ್ಮಕ್ಕಾಗಿ ಇಷ್ಟು ಹಣ ಸುರಿಯುವ ಬಡಾವಣೆ ದೇಶದಲ್ಲಿ ಇನ್ನೊಂದಿದೆಯೋ ಇಲ್ಲವೋ. ಹಿಲ್ ರೋಡಿನಿಂದ ಪಾಲಿ ಹಿಲ್‌ವರೆಗೆ ಹೆಜ್ಜೆಗೊಂದು ಕ್ಲಿನಿಕ್, ಪಾರ್ಲರ್. ಮಚ್ಚೆ ಸುಡಿಸಿಕೊಳ್ಳುವುದು ಇಲ್ಲಿ ಊಟದ ಬಿಡುವಿನ ಕೆಲಸ. ಲೇಸರಿನಿಂದ ಸುಟ್ಟ ಮಚ್ಚೆ ಬೂದಿಯಾಗುತ್ತದೆ; ಬೂದಿಯನ್ನು ನಾನು ಮೈಕ್ರೋಸ್ಕೋಪಿನಲ್ಲಿ ಇಟ್ಟು ಏನು ನೋಡಲಿ? ಸಂಶಯವಿರುವ ಯಾವ ಕಪ್ಪು ಕಲೆಯನ್ನೂ ಸುಡಬಾರದು, ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಬಸುರಿಗೆ ಬಂಗು ತಿಳಿಯಾಗಿಸುವ ಮುಲಾಮು ಮಾರುವ ಮೇಜಿನ ಮೇಲೆ ಒಂದು ಡರ್ಮಾಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು.

ಇದೇ ಬಾಂದ್ರಾದಲ್ಲಿ ಮೌಂಟ್ ಮೇರಿ ಇದೆ. ಕೋಳಿಗಳು ಮೋತ್ ಮಾವುಲಿ ಎನ್ನುವ ಆ ತಾಯಿಯ ಜಾತ್ರೆ ಸೆಪ್ಟೆಂಬರಿನಲ್ಲಿ ನಡೆಯುತ್ತದೆ, ಜಾತಿ ಧರ್ಮ ನೋಡದೆ ಜನ ಬೆಟ್ಟ ಹತ್ತುತ್ತಾರೆ. ಹೊರಗೆ ಮೇಣದ ಅಂಗಾಂಗಗಳನ್ನು ಮಾರುತ್ತಾರೆ: ಕೈ ನೋವಿಗೆ ಕೈ, ಕಾಲಿಗೆ ಕಾಲು, ಮಕ್ಕಳಿಗಾಗಿ ಹರಕೆ ಹೊತ್ತವರಿಗೆ ಮೇಣದ ಮಗು. ನಮ್ಮೂರಿನ ದೇವರಿಗೆ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುವ ಹಾಗೆಯೇ. ಈಕೆಯ ಅತ್ತೆ ಒಂದು ಕಾಲು, ಒಂದು ಮಗು ಎರಡನ್ನೂ ಕೊಂಡು ಒಪ್ಪಿಸಿ ಬಂದರಂತೆ. ನನಗೆ ಅದರಲ್ಲಿ ಆಕ್ಷೇಪವಿಲ್ಲ. ಆ ಮನೆಯಲ್ಲಿ ಕಾಲನ್ನೂ ಮಗುವನ್ನೂ ಒಟ್ಟಿಗೆ ನೆನೆದವರು ಅವರು. ಆಸ್ಪತ್ರೆಯಲ್ಲಿ ಕಾಲು ಒಂದು ವಿಭಾಗ, ಮಗು ಇನ್ನೊಂದು ವಿಭಾಗ.

ಮಾಡಬೇಕಾದದ್ದಕ್ಕೆ ಹೊಸ ಯೋಜನೆ, ಹೊಸ ಹಣ ಬೇಕಿಲ್ಲ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ. ಅಲ್ಲಿ ಚಪ್ಪಲಿ ತೆಗೆಸಿ ಎರಡೂ ಅಂಗಾಲು ನೋಡಲು ಅರ್ಧ ನಿಮಿಷ ಸಾಕು. ತಾಯಿ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದರೆ ನರ್ಸುಗಳು ನೋಡುತ್ತಾರೆ. ಸಾಲಿಲ್ಲದ್ದನ್ನು ಯಾರೂ ನೋಡುವುದಿಲ್ಲ. 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡು ವರದಿಗಳನ್ನು ಅದಕ್ಕೆ ಜೋಡಿಸಿದರೆ ರಾಜ್ಯದ ಗಡಿ ದಾಟಿದರೂ ಸಿಗುತ್ತವೆ ಎನ್ನುತ್ತಾರೆ. ಸಿಗಲಿ, ಆದರೆ ಕಾಗದವನ್ನೂ ಇಟ್ಟುಕೊಳ್ಳಿ. ಬಯಾಪ್ಸಿ ಆಗಿದ್ದರೆ ವರದಿಯಷ್ಟೇ ಸಾಲದು. ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಪರೇಲಿನ ಟಾಟಾ ಮೆಮೋರಿಯಲ್ ಇರಲಿ, ಬೆಂಗಳೂರಿನ ಕಿದ್ವಾಯಿ ಇರಲಿ, ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಮೊದಲು ಕೇಳುವುದು ಅವನ್ನೇ. ಅವಿಲ್ಲದೆ ಮುಂಬೈಗೆ ವಾಪಸು ಓಡಿಬಂದವರನ್ನು ನಾನು ನಮ್ಮ ಕೌಂಟರಿನ ಮುಂದೆ ನೋಡಿದ್ದೇನೆ.

ಇನ್ನೊಬ್ಬರು ಉಳಿದರು. ತವರಿನಲ್ಲಿ ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಹೆಂಗಸರು. ನೆತ್ತಿಯಿಂದ ಶುರು ಮಾಡಿ ಅಂಗಾಲಿನವರೆಗೆ, ಬೆರಳ ಸಂದಿಯನ್ನೂ ಬಿಡದೆ ದಿನಾ ಉಜ್ಜುತ್ತಾರೆ. ವೈದ್ಯರಿಗೆ ಕಾಣದ್ದು ಅವರಿಗೆ ಕಾಣುತ್ತದೆ. ಮಗಳನ್ನು ಕಳಿಸುವಾಗ ಆ ಅಜ್ಜಿಗೆ ಇಷ್ಟು ಹೇಳಿ: ಅಂಗಾಲಿನಲ್ಲೋ ಉಗುರಿನಲ್ಲೋ ಕಪ್ಪು ಕಲೆ ಕಂಡರೆ, ಅದು ಕಡಲೆ ಬೇಳೆಗಿಂತ ದೊಡ್ಡದಿದ್ದರೆ, ಉಜ್ಜಿದರೂ ತೊಳೆದರೂ ಹೋಗದಿದ್ದರೆ, ಮನೆಯವರನ್ನು ಕರೆದು ತೋರಿಸಬೇಕು. ಅವರು ತೋರಿಸುತ್ತಾರೆ.